ಅಜ್ಜಪ್ಪನವರ ಗಾಜಿನ ತಪಸ್ಸು

ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ಶಿಗ್ಗಾಂವದಲ್ಲಿ ನಾಯಿಗಳು ನಿಂತ ಬಸ್ಸಿನ ಕೆಳಗೆ ಹೋಗಿ ಮಲಗುತ್ತವೆ. ಕಂಡಕ್ಟರುಗಳು ಆ ನಾಯಿಗಳನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ಅಂಥ ಹೊತ್ತಿನಲ್ಲಿ ಕಾಳಿನ ದಲಾಲಿ ಅಜ್ಜಪ್ಪ ಮೆಣಸಿನಕಾಯಿಯವರು ತಮ್ಮ ಮಾಳಿಗೆಯ ಮೇಲಿನ ಗಾಜಿನ ಕೋಣೆಯನ್ನು ಹೊಕ್ಕು ಬಾಗಿಲು ಎಳೆದುಕೊಳ್ಳುತ್ತಿದ್ದರು. ನಾಲ್ಕು ಗಂಟೆಗೆ ಪಕ್ಕದ ಮೂರಂತಸ್ತಿನ ಕಟ್ಟಡದ ನೆರಳು ಗಾಜಿನ ಮೇಲೆ ಬಿದ್ದು ಇನ್ನಷ್ಟು ಹೊತ್ತು ಕಳೆಯುವವರೆಗೂ ಆ ಮಹಾನುಭಾವರು ಹೊರಬರುತ್ತಿರಲಿಲ್ಲ. ಒಳಗೆ ಫ್ಯಾನಿಲ್ಲ. ಮೊಬೈಲನ್ನು ಕೆಳಗೇ ಬಿಟ್ಟು ಹೋಗಿರುತ್ತಿದ್ದರು.

ಮೊದಲ ವಾರ ಜನ ಇದನ್ನು ಹುಚ್ಚು ಎಂದರು. ಎರಡನೆಯ ವಾರ ವ್ರತ ಎಂದರು. ಮೂರನೆಯ ವಾರ ಅದು ತಪಸ್ಸಾಯಿತು. ಎದುರಿನ ಚಹಾದಂಗಡಿಯಲ್ಲಿ ದುಂಡಸಿಯ ಬಸ್ಸಿಗೆ ಕಾಯುತ್ತ ಕುಳಿತವರು ಪುರಾಣವನ್ನು ಬೆಳೆಸಿದರು. ಅಜ್ಜಪ್ಪನವರಿಗೆ ಬೆವರು ಬರುವುದಿಲ್ಲವಂತೆ. ಬಂದರೂ ಅದು ಮಡಕೆಯ ನೀರಿನಂತೆ ತಣ್ಣಗಿರುತ್ತದಂತೆ. ಅವರ ಮುತ್ತಜ್ಜ ಕೆಂಡ ನುಂಗಿ ಮೇಲೆ ನೀರನ್ನೂ ಕೇಳಿರಲಿಲ್ಲವಂತೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅವರು ಆಗಾಗ ಎದ್ದು ಬಂದು ಗಾಜಿಗೆ ಎರಡೂ ಅಂಗೈ ಊರಿ ಬೀದಿಯವರನ್ನು ಹರಸುತ್ತಿದ್ದರು. ಒಬ್ಬಾಕೆ ಮಗನ ಪರೀಕ್ಷೆಯ ಹಾಲ್ ಟಿಕೆಟ್ಟನ್ನು ಎತ್ತಿ ಹಿಡಿದು ಆ ಅಂಗೈಗೆ ತೋರಿಸಿಕೊಂಡು ಹೋದಳು.

ಈ ತಪಸ್ವಿಯ ಪೂರ್ವಾಶ್ರಮವನ್ನು ನಾನು ಬಲ್ಲೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಗುಣ: ಯಾರ ಮಾತನ್ನೂ ಅರ್ಧಕ್ಕಿಂತ ಹೆಚ್ಚು ಕೇಳುವುದಿಲ್ಲ. ಉಳಿದರ್ಧವನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಒಮ್ಮೆ ರೈತನೊಬ್ಬ "ಗೋವಿನಜೋಳ ತಂದೇನ್ರಿ, ಆದ್ರ ಇನ್ನಾ ಹಸಿ ಐತ್ರಿ" ಎನ್ನಲು ಹೊರಟಿದ್ದ. ಇವರು "ಆದ್ರ"ಕ್ಕಿಂತ ಮೊದಲೇ ಚೀಲಗಳನ್ನು ಗೋದಾಮಿಗೆ ಹಾಕಿಸಿದರು. ಹದಿನೈದು ದಿನಕ್ಕೆ ಗೋದಾಮಿನಲ್ಲಿ ಮೊಳಕೆ ಬಂದಿತ್ತು. ಶಿಗ್ಗಾಂವದ ಪೇಟೆಯಲ್ಲಿ ಉಳದೆ ಬಿತ್ತದೆ ಬೆಳೆ ತೆಗೆದ ದಲಾಲಿ ಇವರೊಬ್ಬರೇ.

ಕಳೆದ ವರ್ಷ ಮಳೆಗಾಲ ಹತ್ತಿರವಾದಾಗ ಯಾವುದೋ ಹೋಟೆಲಿನಲ್ಲಿ ಗಿಡ ತುಂಬಿದ ಗಾಜಿನ ಕೋಣೆಯಲ್ಲಿ ಕುಳಿತು ಚಹಾ ಕುಡಿದು ಬಂದರು. ಬಂದವರೇ ತಮಗೂ ಅಂಥದ್ದು ಬೇಕೆಂದರು. ಮಾಳಿಗೆಗೆ ನಾಲ್ಕು ದಿಕ್ಕುಗಳಿದ್ದವು. ಅವುಗಳಲ್ಲಿ ಬಿಸಿಲು ಬಿದ್ದರೆ ಏಳಲೊಲ್ಲದಂಥ ಪಡುವಣವನ್ನೇ ಆರಿಸಿದರು. ಗೋಡೆ ಗಾಜು, ಮೇಲ್ಛಾವಣಿಯೂ ಗಾಜು. ಅಲ್ಯೂಮಿನಿಯಂ ಕೆಲಸದ ಜಾವೇದ ತಲೆ ಕೆರೆದುಕೊಂಡು ಹೇಳಿದ:

"ಸಾವ್ಕಾರ್ರ, ಮ್ಯಾಲ ಒಂದು ಕಿಡಿಕಿ ಬಿಡೂನ್ರಿ. ಬಾಗಲಕ್ಕೂ ಒಂದು ನೂಲು ಸಂದು ಇರ್ಲಿ, ಬ್ಯಾಸಗ್ಯಾಗ—"

"ಸಂದು ಗಿಂದು ಬ್ಯಾಡ. ಕೂದಲೆಳಿ ಹೋಗಬಾರದು, ಹಂಗ ಕುಂದ್ರಸು. ತಂಪು ಹೊರಗ ಹೋಗ್ತೈತಿ."

ಜಾವೇದ ತನ್ನ ಮಾತಿನ ಉಳಿದರ್ಧವನ್ನು ಚೀಲದಲ್ಲಿ ಹಾಕಿಕೊಂಡು ಹೋದ.

ಕಳೆದ ಮಳೆಗಾಲದಲ್ಲಿ ಸವಣೂರಿನ ಎಲೆತೋಟದ ಮಾಬೂಬಿಯಿಂದ ವೀಳ್ಯದೆಲೆಯ ಆರು ಬಳ್ಳಿ ತಂದು ಅಲ್ಲಿ ಕುಂಡಗಳಲ್ಲಿ ಇಟ್ಟರು. ಚಳಿಗಾಲ ಮುಗಿಯುವವರೆಗೆ ಬಳ್ಳಿಗಳು ಹಬ್ಬಿದ್ದೇ ಹಬ್ಬಿದ್ದು. ಅದನ್ನು ನೋಡಿ ಅಜ್ಜಪ್ಪನವರ ಎದೆಯೂ ಹಬ್ಬಿತು. ಅದೇ ಜನವರಿಯಲ್ಲಿ ಮಗಳು ತನುಜಾಳ ಸಂಬಂಧ ಅಕ್ಕಿಆಲೂರಿನ ರೈಸ್ ಮಿಲ್ಲಿನ ಫಕ್ಕೀರಪ್ಪನವರ ಮನೆಗೆ ಕುದುರಿತು. ಬಸವ ಜಯಂತಿಯ ಮರುದಿನ ನಿಶ್ಚಯ ಎಂದಾಯಿತು. ಬೀಗರು ಗಾಜಿನ ಕೋಣೆಯನ್ನು ನೋಡಿ "ಭಾರಿ ಐತ್ರಿ" ಎಂದದ್ದೇ ತಪ್ಪಾಯಿತು.

"ಬರದಿಟ್ಟುಕೋರಿ ಬೀಗರ," ಎಂದರು ಅಜ್ಜಪ್ಪನವರು. "ನಿಶ್ಚಯದ ದಿನ ತಾಟಿನ್ಯಾಗ ನೂರಾ ಒಂದು ಎಲಿ. ಎಲ್ಲಾ ಇಲ್ಲೇ ಬೆಳದದ್ದು. ಸವಣೂರಿಂದ ಒಂದ ಒಂದು ಎಲಿ ತರಸಿದ್ರ ನನ್ನ ಹೆಸರು ತಿರುಗಿಸಿ ಕರೀರಿ."

ಇಪ್ಪತ್ತು ಜನರ ಎದುರಿಗೆ ಆಡಿದ ಮಾತು. ಸೂರ್ಯ ಆ ಇಪ್ಪತ್ತರಲ್ಲಿ ಇರಲಿಲ್ಲ, ಮಾರ್ಚಿನಲ್ಲಿ ಬಂದ. ಎಲೆಗಳ ಅಂಚು ಸುರುಟಿತು. ಉಷ್ಣತೆ ನೋಡುವ ಮೀಟರು ತಂದು ತೂಗುಹಾಕಿದರು. ಅದು ನಲವತ್ತೆಂಟು ತೋರಿಸಿತು. ಮೀಟರು ಕೆಟ್ಟಿದೆ ಎಂದು ಮರಳಿಸಿ ಬೇರೆಯದನ್ನು ತಂದರು. ಅದೂ ಅಷ್ಟೇ ಕೆಟ್ಟಿತ್ತು.

ಅಲ್ಲಿಂದ ಬಿಸಿಲಿನ ಮೇಲೆ ದಂಡಯಾತ್ರೆ ಶುರುವಾಯಿತು. ಮೊದಲು ನೀರಿನ ಕೂಲರ್ ಹೊರಟಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಎರಡು ತಾಸು ಆವಿ ಕಾರಿ ಇಡ್ಲಿ ಪಾತ್ರೆಯನ್ನು ನಾಚಿಸಿತು. ಕೂಲರನ್ನು ಹೊರಗೆ ಹಾಕಿ ಗಾಜಿನ ಒಳಮಗ್ಗುಲಿಗೆ ಕೆಂಪು ಮಖಮಲ್ಲಿನ ಪರದೆ ಕಟ್ಟಿದರು. ಒಳಗೆ ಬಂದು ಕುಳಿತ ಬಿಸಿಲಿಗೆ ಹೊದಿಕೆ ಹೊದಿಸಿದಂತಾಯಿತು. ಪರದೆಯೂ ಇಳಿಯಿತು. ಮಡದಿ ನಾಗವ್ವ ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದರು:

"ಬಾಗಲಾ ತಗದಿಡ್ರಿ. ಮ್ಯಾಲಿಂದ ಒಂದು ಗಾಜು ತಗಸ್ರಿ. ಉರಿ ಹೊರಗ ಹೋಗ್ಲಿ."

"ನಿನಗ ತಿಳಿಯೂದಿಲ್ಲ. ತಂಪು ಹೊರಗ ಹೋಗ್ತೈತಿ."

"ಒಳಗ ಬಂದಿದ್ರ ಅಲ್ಲನ ಹೋಗಾಕ?"

ಕಡೆಗೆ ಮಾಬೂಬಿಗೆ ಫೋನು ಮಾಡಿದರು. ನಲವತ್ತು ವರ್ಷ ಎಲೆತೋಟ ನೋಡಿದ ಹೆಂಗಸು. ನುಗ್ಗೆ, ಬಾಳೆಯ ನೆರಳಿನಲ್ಲಿ ಬಳ್ಳಿಯನ್ನು ಮಗುವಿನಂತೆ ಮಲಗಿಸಿ ಬೆಳೆಸುವಾಕೆ.

"ಎಲಿ ಸುಡಾಕತ್ತಾವು ಮಾಬೂಬಿ. ಏನು ಮಾಡ್ಲಿ?"

"ಬಿಸಲಾಗ ಅವು ನಿಂದ್ರಂಗಿಲ್ರಿ ಸಾವ್ಕಾರ್ರ. ಸುಣ್ಣ ಹಚ್ರಿ. ತೆಳ್ಳಗ, ಎಲ್ಲಾ ಕಡೀಗೂ—"

"ಗೊತ್ತಾತು, ಗೊತ್ತಾತು ಬಿಡವಾ."

ಫೋನು ಇಟ್ಟರು. ಮಾತಿನ ಉಳಿದರ್ಧ ಸವಣೂರಿನಲ್ಲೇ ಉಳಿಯಿತು.

ಊಟದ ನಂತರ ಎಲೆಗೆ ಸುಣ್ಣ ಹಚ್ಚುವುದು ಅಜ್ಜಪ್ಪನವರಿಗೆ ಮೀಸೆ ಬಂದಾಗಿನಿಂದಲೂ ರೂಢಿ. ಆ ಬೆರಳು ಬೇರೆ ಯಾವುದಕ್ಕೆ ಸುಣ್ಣ ಹಚ್ಚೀತು? ಮರುದಿನದಿಂದ ಊಟ ಮುಗಿಸಿ, ಸುಣ್ಣದ ಡಬ್ಬಿ ಹಿಡಿದು, ಗಾಜಿನ ಕೋಣೆ ಹೊಕ್ಕು, ಬಳ್ಳಿಯ ಮೇಲಿದ್ದ ಜೀವಂತ ಎಲೆಗಳಿಗೆ ಒಂದೊಂದಾಗಿ, ತೆಳ್ಳಗೆ, ಎಲ್ಲ ಕಡೆಗೂ ಸುಣ್ಣ ಸವರತೊಡಗಿದರು. ಅಡಿಕೆ ಇಡಲಿಲ್ಲ, ಅಷ್ಟು ಪುಣ್ಯ. ಕೆಳಗಿನ ಚಹಾದಂಗಡಿಯಿಂದ ನೋಡಿದವರಿಗೆ ಕಂಡದ್ದು ಎಲೆಯ ಮೇಲೆ ಮೆಲ್ಲಗೆ ಆಡುವ ಬೆರಳು ಮಾತ್ರ.

"ಎಲಿಗೊಂದು ಮಂತ್ರ ಬರ್ಯಾಕತ್ತಾರ," ಎಂದ ಒಬ್ಬ.

"ಮೂರು ತಾಸಾತು, ಹೊರಗ ಬಂದಿಲ್ಲ ನೋಡು," ಎಂದ ಇನ್ನೊಬ್ಬ, ಕೈ ಮುಗಿದು.

ತಪಸ್ಸಿಗೆ ಫಲ ಬೇಗ ಬಂತು. ಬಿಸಿಲು ಅರ್ಧ ಸುಟ್ಟದ್ದನ್ನು ಸುಣ್ಣ ಪೂರ್ತಿ ಸುಟ್ಟಿತು. ಆದರೂ ಅಜ್ಜಪ್ಪನವರು ಉಳಿದ ಎಲೆಗಳಿಗೆ ಸುಣ್ಣ ಹಚ್ಚುವುದನ್ನು ಬಿಡಲಿಲ್ಲ.

ನಿಶ್ಚಯಕ್ಕೆ ಹನ್ನೆರಡು ದಿನವಿರುವಾಗ ಮಾಬೂಬಿ ಪೇಟೆಗೆ ಎಲೆ ಕೊಡಲು ಬಂದವಳು ಬಳ್ಳಿ ನೋಡಿ ಹೋಗೋಣವೆಂದು ಬೆಳಿಗ್ಗೆಯೇ ಮಾಳಿಗೆ ಹತ್ತಿದಳು; ಗಂಡಹೆಂಡಿರೂ ಹಿಂದೆ ಹತ್ತಿದರು. ಎಲೆತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದೆಂಬ ತನ್ನ ರೂಢಿಯಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒಳಗೆ ಇಣುಕಿ ಅಲ್ಲೇ ನಿಂತಳು.

"ಯಾ ಅಲ್ಲಾ! ಇವಕ್ಕ ಸುಣ್ಣ ಹಚ್ಚಿದವರು ಯಾರವಾ?"

"ನಮ್ಮ ಮನಿಯವ್ರು," ಎಂದರು ನಾಗವ್ವ.

"ಯಾಕ? ಬಳ್ಳಿಗೇ ಬಾಯಿ ಹಚ್ಚಿ ತಿನ್ನಾವ್ರಿದ್ರೇನು? ಗಾಜಿಗೆ ಹಚ್ರಿ ಅಂತ ಹೇಳಾಕ ಹೊಂಟಿದ್ನಿ ನಾನು! ಗಾಜಿಗೆ, ಹೊರಗಿನ ಮಗ್ಗಲಾ!"

ಅಜ್ಜಪ್ಪನವರು ಆಕಾಶ ನೋಡಿದರು. ಆ ಕೋಣೆಯಲ್ಲಿ ಅದಕ್ಕೇನೂ ಅಡ್ಡಿಯಿರಲಿಲ್ಲ.

ಆಮೇಲಿನ ಕೆಲಸ ನಾಗವ್ವ ಅರ್ಧ ದಿನದಲ್ಲಿ ಮುಗಿಸಿದರು. ಸುಣ್ಣಕ್ಕೆ ಅಕ್ಕಿಯ ಗಂಜಿ ಕಲಸಿ ಗಾಜಿನ ಹೊರಮೈಗೆಲ್ಲ ಬಳಿಸಿದರು. ಜಾವೇದನನ್ನು ಕರೆಸಿ ಮೇಲಿನ ಒಂದು ಗಾಜು ತೆಗೆಸಿ ಆ ಜಾಗದಲ್ಲಿ ತಂತಿಯ ಜಾಳಿಗೆ ಕೂರಿಸಿದರು. ಬಾಗಿಲಿಗೆ ಇಟ್ಟಿಗೆ ಇಟ್ಟು ತೆರೆದೇ ಬಿಟ್ಟರು. ನೆಲಕ್ಕೆ ಮುಂಜಾನೆ, ಮಧ್ಯಾಹ್ನ ನೀರು ಚಿಮುಕಿಸಿದರು. ಕೆಟ್ಟ ಮೀಟರು ತಾನಾಗಿಯೇ ರಿಪೇರಿಯಾಗಿ ಮೂವತ್ತಾರಕ್ಕೆ ಇಳಿಯಿತು. ಬೀದಿಯವರಿಗೆ ಬಿಳಿ ಗೋಡೆಯೊಂದೇ ಕಾಣತೊಡಗಿ ಚಹಾದಂಗಡಿಯಲ್ಲಿ ವ್ಯಾಪಾರ ಇಳಿಯಿತು. ಆರು ಬಳ್ಳಿಗಳಲ್ಲಿ ಐದು ಸತ್ತಿದ್ದವು. ಆರನೆಯದು ಬುಡದಿಂದ ಚಿಗುರಿ ಮೂರು ಎಲೆ ಬಿಟ್ಟಿತು.

ನಿಶ್ಚಯದ ದಿನ ಫಕ್ಕೀರಪ್ಪನವರು ಎಲೆಯ ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು. ಜನವರಿಯ ಇಪ್ಪತ್ತು ಜನವೂ ಅಲ್ಲಿದ್ದರು.

"ಬೀಗರ, ಇವು ಗಾಜಿನ ಮನಿ ಎಲಿ ಅಲ್ಲೇನ್ರಿ?"

ಅಜ್ಜಪ್ಪನವರು ಸುಣ್ಣದ ಡಬ್ಬಿಯ ಮುಚ್ಚಳ ತಿರುವತೊಡಗಿದರು.

"ಮ್ಯಾಲಿನ ಮೂರು ನಮ್ಮವು," ಎಂದರು ನಾಗವ್ವ. "ಕೆಳಗಿನ ತೊಂಬತ್ತೆಂಟು ಮಾಬೂಬಿ ಕೊಟ್ಟದ್ದು."

ಪಡಸಾಲೆಯಲ್ಲಿ ನಗೆ ಎದ್ದಿತು. ಫಕ್ಕೀರಪ್ಪನವರೂ ನಕ್ಕರು. "ಹೆಸರು ತಿರುಗಿಸಿ ಕರೀಬೇಕಾತಲ್ಲ! ಇವತ್ತಿಂದ ಮೆಣಸಿನಕಾಯಿ ಅಜ್ಜಪ್ಪ ಅಂತೇವಿ, ಮುಗೀತು." ಆಮೇಲೆ ಮುಖ ಗಂಭೀರ ಮಾಡಿಕೊಂಡು, ದನಿ ತಗ್ಗಿಸಿ, ಕೈ ಜೋಡಿಸಿದರು. "ಎಲಿ ಹ್ವಾದ್ರ ಹ್ವಾದ್ವು ಬಿಡ್ರಿ. ಆದ್ರ ನಿಮ್ಮ ತಪಸ್ಸಿನ ಸುದ್ದಿ ಅಕ್ಕಿಆಲೂರ ತನಕ ಬಂದೈತಿ. ಅಂಥಾ ಉರಿಯಾಗ ದಿನಾ ಮೂರು ಮೂರು ತಾಸು! ಅದರ ಗುಟ್ಟೇನು, ನಮಗೊಂದೀಟು ಹೇಳ್ರಿ."

ಅಜ್ಜಪ್ಪನವರು ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದ್ದರು.

"ಬಾಗಲಾ ಬಿಸಿಲಿಗೆ ಹಿಗ್ಗಿ ಬಿಗಿತಿತ್ರಿ," ಎಂದರು. "ನೆಳ್ಳು ಬಿದ್ದು ಆರೂ ತನಕ ತೆರೀತಿದ್ದಿಲ್ಲ. ಗಾಜು ಬಡದು ಕರದ್ರ ಮಂದಿ ಕೈ ಮುಗದು ಹೋಗ್ತಿದ್ರು."

"ಅಲ್ರಿ, ಮತ್ತ ಮರದಿನ ಯಾಕ ಬಾಗಲಾ ಹಾಕ್ಕೊಂಡ್ರಿ?"

"ತಗದಿಟ್ರ ತಂಪು ಹೊರಗ ಹೋಗ್ತಿತ್ತಲ್ರಿ."