ಬಾಗಿಲು ಹಾಕಿಕೊಂಡು ಹೇಳಿದ ಒಡಪು

ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ನಮ್ಮವರು ಆಫೀಸಿನ ಹೊರಗಿನ ಬೂತಿನಿಂದ ಮಾತಾಡುತ್ತಿದ್ದರು.

"ಬದಲಿ ರದ್ದಾತು! ಈಗ ಆರ್ಡರ್ ಕೈಗೆ ಬಂತು. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವರು ಸಿಕಂದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಇನ್‌ಸ್ಪೆಕ್ಟರ್. ಬೆಂಕಿ ಆರಿಸುವ ಸಿಲಿಂಡರುಗಳನ್ನು ಪರೀಕ್ಷೆಯೇ ಮಾಡದೆ ಮೇಲಿನವರು ಪಾಸು ಮಾಡಿಸುತ್ತಿದ್ದುದನ್ನು ದೆಹಲಿಯ ವಿಚಕ್ಷಣಾ ಆಯೋಗಕ್ಕೆ ಬರೆದಿದ್ದರು. ಹೀಗೆ ತಿಳಿಸಿದ ನೌಕರನ ಹೆಸರು ಗುಟ್ಟಾಗಿಡಬೇಕು, ಅವನನ್ನು ಕಾಡಬಾರದು ಎಂಬ ನಿಯಮ ಆಗಷ್ಟೇ ಬಂದಿತ್ತು. ಆದರೂ ಸಂಶಯ ಇವರ ಮೇಲೆಯೇ ಬಿತ್ತು, ಅಸ್ಸಾಮಿಗೆ ಬದಲಿಯಾಯಿತು. ಇವರು ಮತ್ತೆ ಆಯೋಗದ ಮೊರೆ ಹೋದರು, ನಾನು ದೇವರ ಮೊರೆ ಹೋದೆ. ಆಯೋಗವೇ ಬದಲಿ ತಡೆಯಿತೆಂದು ಹೊರಗೆ ತಿಳಿದರೆ, ಬರೆದವರು ಇವರೇ ಎಂಬುದು ಎಲ್ಲರಿಗೂ ಖಾತ್ರಿಯಾಗುತ್ತಿತ್ತು.

ನನ್ನ ಚಿಂತೆಯೆಲ್ಲ ಅತ್ತೆಯದು. ಅವರಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಈ ಕ್ವಾರ್ಟರ್ಸಿನ ಗೋಡೆ ಸವರಿಕೊಂಡು ದೇವರ ಮನೆಗೂ ಬಚ್ಚಲಿಗೂ ಒಬ್ಬರೇ ಹೋಗುತ್ತಿದ್ದರು. ಹೊಸ ಮನೆಯಾದರೆ ಮಂಚವೇ ಗತಿ.

"ಅತ್ತೀ, ಎಲ್ಲೂ ಹೋಗೂದಿಲ್ರೀ ನಾವು! ಇಲ್ಲೇ ಇರತೀವ್ರಿ!" ಕೂಗಿಯೇಬಿಟ್ಟೆ.

ಅತ್ತೆ ಗೋಡೆ ಹಿಡಿದು ಸರಸರ ಬಂದರು. "ಮದಲ ಬಾಗಲಾ ಹಾಕು. ಆಮ್ಯಾಲೆ ನನ್ನ ಮಗನ ಹೆಸರು ಹಾಕಿ ಒಡಪು ಹೇಳು."

ಗಂಡನ ಹೆಸರನ್ನು ಸುಮ್ಮನೆ ಹೇಳುವವಳಲ್ಲ ನಾನು. ಅರಿಶಿನ ಕುಂಕುಮಕ್ಕೆ ಸೇರಿದ ಹೆಂಗಸರು ಕಾಡಿದಾಗ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಒಡಪು ಹೇಳುವುದು ನಮ್ಮ ಕಡೆಯ ಪದ್ಧತಿ. ಹೆಸರಿನ ಜೊತೆ ಗುಟ್ಟೂ ಬಾಯಿಂದ ಜಾರೀತೆಂದು ಇಷ್ಟು ತಿಂಗಳು ಅದನ್ನೂ ಬಿಟ್ಟಿದ್ದೆ.

"ಬಿಸಿ ರೊಟ್ಟಿ, ಬೆಣ್ಣಿ ಮುದ್ದಿ, ಮನಿಗೆ ಬಂತು ಚೊಲೊ ಸುದ್ದಿ..." ಎಂದು ಶುರು ಮಾಡಿ, ಮುಂದಿನ ಸಾಲಿನಲ್ಲಿ ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಇಲ್ಲಿ ಮಾತ್ರ ಬರೆಯಲಾರೆ. ಅತ್ತೆ ಚಪ್ಪಾಳೆ ತಟ್ಟಿದರು. ಇಬ್ಬರೂ ಕೈ ಹಿಡಿದು ಕುಣಿದೇ ಬಿಟ್ಟೆವು. ಹೆಂಚಿನ ಮೇಲಿನ ರೊಟ್ಟಿ ಒಂದೇ ಬದಿ ಸೀದಿತ್ತು. ಅದೂ ದೇವರ ದಯೆ.

ಅಷ್ಟರಲ್ಲಿ ಪಕ್ಕದ ಮನೆಯ ತೆಲುಗಿನಾಕೆ ಬಾಗಿಲು ಬಡಿದರು. ಅವರ ಯಜಮಾನರದೂ ಅದೇ ಕಚೇರಿ.

"ಏಮೈಂದಿ ವದಿನಾ? ಏನು ಗದ್ದಲ?"

ನಾನು ಚಿಲಕ ತೆಗೆಯುವಷ್ಟರಲ್ಲಿ ಅತ್ತೆಯೇ ಒಳಗಿನಿಂದ ಕೂಗಿದರು, "ಇಲಿ ಬಂದಿತ್ತವಾ! ನಾನೇ ನೋಡೀನಿ!"

"ನೀವು ನೋಡಿದ್ರಾ, ಅಜ್ಜಿ?"

"ಹೂಂ ಮತ್ತ! ಇವತ್ತ ದೇವರು ಎಲ್ಲಾ ತೋರಿಸಾಕತ್ತಾನ!"

ಆಕೆ ನಗುತ್ತ ಹೊರಟುಹೋದರು. ಹೆಸರು ಹೊಸ್ತಿಲು ದಾಟಲಿಲ್ಲ. ಅತ್ತೆ ಗೋಡೆ ಸವರುತ್ತ ದೇವರ ಮನೆಗೆ ಹೋದರು. ಹಿತ್ತಲ ನಳಕ್ಕೆ ನೀರು ಬಂದ ಸದ್ದಾಯಿತು. ನಾನು ಕೊಡ ತಿಕ್ಕಿ ನೀರಿಗೆ ಹಿಡಿದೆ.