ಸೌನಾದ ಮುಂಗೋಣೆಯ ಎರಕ

ಡಿಸೆಂಬರಿನ ಆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಸೀಸ ಕರಗಿತ್ತು. ವೆಸ್ಲಿ ಕಂಗಾಸ್ ಒಂದು ಚಮಚ ಮರದ ಹೊಟ್ಟನ್ನು ಅದರ ಮೇಲೆ ಉದುರಿಸಿದ. ಹೊಟ್ಟು ಹೊಗೆಯಾಡಿ, ಹೊತ್ತಿ, ಆರುವವರೆಗೂ ಕಬ್ಬಿಣದ ಸೌಟಿನಿಂದ ತಳ ಮುಟ್ಟಿ ಕಲಕಿದ. ಮೇಲೆ ತೇಲಿಬಂದ ಬೂದು ಕಿಟ್ಟವನ್ನು ಕೆರೆದು ಹಳೆಯ ಕಾಫಿ ಡಬ್ಬಿಗೆ ಸುರಿದ. ಆಮೇಲೆ ಅಚ್ಚು ಮುಚ್ಚಿ ಸೀಸ ಹೊಯ್ದು ಐದು ಎಣಿಸಿದ. ಅಚ್ಚಿನ ಮೇಲಿನ ತಗಡನ್ನು ಮರದ ಕೋಲಿನಿಂದ ಬಡಿದ. ಹೆಚ್ಚಾದ ಸೀಸ ತುಂಡಾಗಿ ಅತ್ತ ಬಿತ್ತು, ಅಚ್ಚು ತೆರೆದಾಗ ಬಂದೂಕಿನ ಗುಂಡು ಮಡಿಸಿಟ್ಟ ಟವೆಲಿನ ಮೇಲೆ ಉರುಳಿತು. ಮೊದಲ ಹತ್ತು ಗುಂಡುಗಳ ಮೈಯೆಲ್ಲ ಸುಕ್ಕು. ಅಚ್ಚು ಕಾಯುವವರೆಗೆ ಹಾಗೇ. ಅವನ್ನು ಮತ್ತೆ ಪಾತ್ರೆಗೇ ಹಾಕಿದ.

ಅವನಿಗೆ ಅರವತ್ತೇಳು. ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ಆ ಜಿಲ್ಲೆಯ ರಸ್ತೆಗಳಲ್ಲಿ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು. ನಿವೃತ್ತಿಯಾದ ಮೇಲೆ ಚಳಿಗಾಲದಲ್ಲಿ ಅವನಿಗೆ ಉಳಿದದ್ದು ಈ ಒಂದೇ ಕೆಲಸ. ನವೆಂಬರಿನಲ್ಲಿ ಜಿಂಕೆ ಬೇಟೆಯ ಎರಡು ವಾರ ಮುಗಿದ ಕೂಡಲೇ ಮುಂದಿನ ವರ್ಷದ ಗುಂಡುಗಳಿಗೆ ಕೂರುತ್ತಿದ್ದ. ಟೈರ್ ಅಂಗಡಿಯ ಆರ್ನಿ, ಚಕ್ರದ ತೂಕ ಸರಿದೂಗಿಸಲು ಅಂಚಿಗೆ ಕೂರಿಸುವ ಸೀಸದ ತುಂಡುಗಳನ್ನು ಕಿತ್ತು ಬಕೆಟ್‌ನಲ್ಲಿ ತುಂಬಿ ತಂದುಕೊಡುತ್ತಿದ್ದ.

"ಹೊಡೆಯೋದು ಒಂದು ಜಿಂಕೆ, ನೀನು ಎರೆಯೋದು ಮುನ್ನೂರು ಗುಂಡು. ಅದು ಏಟಿಗೆ ಸಾಯ್ತದೋ ಭಾರಕ್ಕೋ?" ಎಂದು ಆರ್ನಿ ಪ್ರತಿಸಲವೂ ಕೆಣಕುತ್ತಿದ್ದ.

"ನೀನು ಅಂಗಡಿ ಗುಂಡು ಹಾಕ್ಕೋ ಮಾರಾಯ. ಗುರಿ ತಪ್ಪಿದ್ರೆ ಕಂಪನಿಯವನ್ನ ಬೈಬಹುದು. ನಂದು ತಪ್ಪಿದ್ರೆ ನಾನು ನನ್ನನ್ನೇ ಬೈಕೋಬೇಕು."

ಅವನು ಎರಕ ಹೊಯ್ಯುತ್ತಿದ್ದದ್ದು ಹಿತ್ತಲಿನ ಸೌನಾದಲ್ಲಿ. ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆಂದು ಬಂದ ಅವನ ಅಜ್ಜ, ವಾಸದ ಮನೆಗಿಂತ ಮೊದಲೇ ಕಟ್ಟಿದ ಮರದ ಕಟ್ಟಡ ಅದು. ಒಳಗಿನದು ಬಿಸಿ ಕಲ್ಲಿನ ಮೇಲೆ ನೀರೆರಚಿ ಬೆವರುವ ಕೋಣೆ. ಮುಂದಿನದು ಬಟ್ಟೆ ಬಿಚ್ಚುವ, ಬೆವರಿದ ಮೇಲೆ ಕೂತು ತಣಿಯುವ ಮುಂಗೋಣೆ. ಮುಂಗೋಣೆಯಲ್ಲಿ ಕಿಟಕಿಯಿತ್ತು, ಒಲೆಯ ಬಿಸಿಯಿತ್ತು, ಗಟ್ಟಿ ಬೆಂಚಿತ್ತು. ಹೊರಗೆ ಸೊಂಟದೆತ್ತರ ಹಿಮವಿದ್ದರೂ ಅಲ್ಲಿ ಅಂಗಿ ತೋಳಿನಲ್ಲಿ ಕೆಲಸ ಮಾಡಬಹುದಿತ್ತು.

ಅವನು ಹೆದರುತ್ತಿದ್ದದ್ದು ನೀರಿಗೆ ಮತ್ತು ಹೊಗೆಗೆ. ಒಮ್ಮೆ ಟೋಪಿಯ ಮೇಲಿನ ಹಿಮ ಕರಗಿ ಒಂದೇ ಹನಿ ಪಾತ್ರೆಗೆ ಬಿದ್ದು, ಸೀಸ ಸೂರಿನವರೆಗೆ ಸಿಡಿದಿತ್ತು. ಎಡಗೆನ್ನೆಯ ಮೇಲೆ ಅದರ ಮೂರು ಕಲೆಗಳಿದ್ದವು. ಅಂದಿನಿಂದ ಎರಕ ಮುಗಿಯುವವರೆಗೆ ಯಾರೂ ನೀರಿನ ಬಕೆಟ್ ಹಿಡಿದು ಅಲ್ಲಿಗೆ ಬರುವಂತಿರಲಿಲ್ಲ. ಹೊಗೆ ಹೋಗಲೆಂದು ಕಿಟಕಿ ತೆಗೆದಿಡುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಸಾಮಾನೆಲ್ಲ ಬೆಂಚಿನಡಿಗೆ ತಳ್ಳಿ, ನೆಲವನ್ನು ಪೊರಕೆಯಿಂದ ಗುಡಿಸಿ, ಸಂಜೆಯ ಸ್ನಾನಕ್ಕೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ. ಐದು ಗಂಟೆಗೆ ಹೆಂಗಸರು, ಮಕ್ಕಳು ಮೊದಲು ಹೋಗುತ್ತಿದ್ದರು. ಅವರು ಮುಗಿಸಿ ಬಂದ ಮೇಲೆ ಗಂಡಸರು. ಆ ಮನೆಯಲ್ಲಿ ಈ ಕ್ರಮ ಎಂದೂ ತಪ್ಪಿರಲಿಲ್ಲ.

ಮಗಳು ಡಾನಾ ಗಂಡನನ್ನು ಬಿಟ್ಟು ಸೆಪ್ಟೆಂಬರಿನಲ್ಲಿ ತವರಿಗೆ ಬಂದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಿದ್ದಳು. ಅವಳ ಮಗು ಐಲಾಗೆ ಆಗಷ್ಟೇ ಎರಡು ತುಂಬಿತ್ತು. ಬಂದ ಹೊಸತರಲ್ಲಿ ಐಲಾ ವೆಸ್ಲಿಯನ್ನು 'ಉಕ್ಕಿ' ಎಂದು ಕರೆಯುತ್ತಿದ್ದಳು. ಅವರ ಕಡೆ ಅಜ್ಜನಿಗೆ ಅನ್ನುವುದು ಹಾಗೇ. ಹಾಲು, ನಾಯಿ, ಬೇಡ ಎನ್ನುವುದೂ ಬರುತ್ತಿತ್ತು. ಡಿಸೆಂಬರಿನ ಹೊತ್ತಿಗೆ ಉಕ್ಕಿ ನಿಂತುಹೋಗಿತ್ತು, ಆಮೇಲೆ ನಾಯಿಯೂ. ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು.

ಎರಡು ವರ್ಷದ ಮಕ್ಕಳಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಅವಳ ಸೀಸದ ಅಂಕೆ ಮೂವತ್ತೊಂದು ಬಂತು. ಮೂರೂವರೆ ದಾಟಬಾರದು ಎಂದರು. ಮರುವಾರ ಜೀನ್ ಪೆರೋ ಎಂಬ ನರ್ಸ್ ಮನೆ ನೋಡಲು ಬಂದಳು. ಕಿಟಕಿಯ ಚೌಕಟ್ಟುಗಳನ್ನು ಕೆರೆದು ನೋಡಿದಳು. ಹಳೆಯ ಬಣ್ಣದಲ್ಲಿ ಸೀಸವಿತ್ತು. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಪ್ರಶ್ನೆಗಳ ಹಾಳೆ ತೆಗೆದಳು.

"ಮನೇಲಿ ಯಾರಾದ್ರೂ ಸೀಸ ಕರಗಿಸ್ತೀರಾ? ಗುಂಡು, ಗಾಳಕ್ಕೆ ಕಟ್ಟೋ ತೂಕ, ಅಂಥದ್ದು?"

"ಮನೇಲಿ ಮಾಡಲ್ಲಮ್ಮ," ಎಂದ ವೆಸ್ಲಿ. "ಹಿತ್ತಲಲ್ಲಿ. ಕಿಟಕಿ ತೆಗೆದಿಟ್ಟೇ ಮಾಡೋದು. ಕೈ ತೊಳೀದೆ ಒಳಗೆ ಕಾಲಿಡಲ್ಲ."

ನರ್ಸ್ 'ಹೊರಗೆ' ಎಂದು ಬರೆದುಕೊಂಡಳು. "ಮಗು ಬೇರೆಲ್ಲಿಗಾದ್ರೂ ಹೋಗ್ತಾಳಾ?"

"ಈ ಹಿಮದಲ್ಲಿ ಎಲ್ಲಿಗೆ?" ಎಂದಳು ಡಾನಾ. "ಸೌನಾಗೆ ಬಿಟ್ರೆ ಎಲ್ಲೂ ಇಲ್ಲ."

"ಅದಕ್ಕೆ ಬಣ್ಣ ಬಳಿದಿದ್ದೀರಾ?"

"ಸೌನಾಗೆ ಯಾರಾದ್ರೂ ಬಣ್ಣ ಬಳೀತಾರಾ!" ವೆಸ್ಲಿಯ ಹೆಂಡತಿ ಲೋರ್ನಾ ನಕ್ಕಳು. ನರ್ಸೂ ನಕ್ಕಳು. ಹಿತ್ತಲು ಎಂದರೆ ಕಾರು ನಿಲ್ಲಿಸುವ ಶೆಡ್ಡು ಎಂದು ಅವಳು ತಿಳಿದುಕೊಂಡಿದ್ದಳು. ಸೌನಾ ಎಂದರೆ ಸ್ನಾನದ ಜಾಗ ಎಂದು ಮಾತ್ರ ಬರೆದುಕೊಂಡಳು.

ವೆಸ್ಲಿ ಹದಿನೇಳು ಕಿಟಕಿಗಳ ಚೌಕಟ್ಟುಗಳನ್ನು, ಪುಡಿ ಹಾರದಂತೆ ಒದ್ದೆ ಮಾಡಿ ಕೆರೆದು ಹೊಸ ಬಣ್ಣ ಬಳಿದ. ಆ ದಿನಗಳಲ್ಲಿ ಮಗುವನ್ನು ಪಕ್ಕದ ಮನೆಯಲ್ಲಿಟ್ಟರು. ಲೋರ್ನಾ ನೆಲವನ್ನು ದಿನಕ್ಕೆರಡು ಸಲ ಒರೆಸಿದಳು.

"ಸೀಸ ಅಂದ್ರೆ ವಿಷ ತಾನೆ? ಬೆವರಿದ್ರೆ ಹೋಗ್ತದೆ," ಎಂದಳು ಅವಳು. "ನಮ್ಮಮ್ಮ ನನ್ನನ್ನ ಹೆತ್ತದ್ದೇ ಸೌನಾದಲ್ಲಿ. ನಂಗೇನಾಗಿದೆ?"

"ಬಾಯಿ ಒಂದು ಚೂರು ಜಾಸ್ತಿಯಾಗಿದೆ, ಅಷ್ಟೆ," ಎಂದ ವೆಸ್ಲಿ. "ಬುಧವಾರಾನೂ ಕಾಯಿಸ್ತೀನಿ ಬಿಡು."

ಹೀಗೆ ವಾರಕ್ಕೊಮ್ಮೆ ಇದ್ದದ್ದು ಎರಡಾಯಿತು. ಮಗು ಹೆಚ್ಚು ಹೊತ್ತು ಇರಲೆಂದು ಮುಂಗೋಣೆಯಲ್ಲಿ ಕಿತ್ತಳೆ ಹಣ್ಣು ಸುಲಿದು ಕೊಡುತ್ತಿದ್ದರು. ಶನಿವಾರ ಬೆಳಗಿನ ಎರಕ ನಿಲ್ಲಲಿಲ್ಲ. ನಿಲ್ಲಿಸಲು ಕಾರಣವೇನೂ ಅವನಿಗೆ ಕಂಡಿರಲಿಲ್ಲ.

ಜನವರಿ ಕೊನೆಯ ಶುಕ್ರವಾರ ಎರಡನೆಯ ಪರೀಕ್ಷೆಯ ಫಲ ಫೋನಿನಲ್ಲಿ ಬಂತು. ನಲವತ್ತೇಳು. ನಲವತ್ತೈದು ದಾಟಿದರೆ ಔಷಧ ಕೊಟ್ಟು ರಕ್ತದಿಂದ ಸೀಸ ತೆಗೆಯಬೇಕು, ಭಾನುವಾರ ಮಧ್ಯಾಹ್ನವೇ ದೊಡ್ಡಾಸ್ಪತ್ರೆಗೆ ಬಂದು ಸೇರಿ ಎಂದರು. ಮಗು ವಾಪಸು ಹೋಗುವ ಮನೆ ಚೊಕ್ಕವಿದ್ದರೆ ಮಾತ್ರ ಔಷಧದಿಂದ ಉಪಯೋಗ ಎಂದೂ ಹೇಳಿದರು.

ಶನಿವಾರ ಡಾನಾ ಚೀಲ ಕಟ್ಟುತ್ತಿದ್ದಳು. ಲೋರ್ನಾಗೆ ಜ್ವರ. ಹೀಗಾಗಿ ಐಲಾಳನ್ನು ಸೌನಾಗೆ ಕರೆದೊಯ್ಯುವ ಕೆಲಸ ಮೊದಲ ಬಾರಿಗೆ ವೆಸ್ಲಿಯ ಪಾಲಿಗೆ ಬಂತು.

ಒಳಗೆ ಐದು ನಿಮಿಷ ಕೂತರು. ಮುಂಗೋಣೆಗೆ ಬಂದ ಮೇಲೆ ಅವನು ಬೆಂಚಿನ ಮೇಲೆ ಕೂತು ಹಣ್ಣು ಸುಲಿಯತೊಡಗಿದ. ಮಗು ಒದ್ದೆ ಮೈಯಲ್ಲೇ ನೆಲಕ್ಕಿಳಿದು ಬೆಂಚಿನಡಿಗೆ ನುಸುಳಿತು. ಅವನು ಬಗ್ಗಿ ನೋಡಿದ. ನೆಲದ ಹಲಗೆಗಳ ನಡುವಿನ ಸಂದಿಗೆ ಐಲಾ ತೋರುಬೆರಳನ್ನು ಒತ್ತಿ ಎತ್ತಿದಳು. ಸಿಡಿದು ಬಿದ್ದು ಗಟ್ಟಿಯಾದ ಸೀಸದ ಸಾಸಿವೆಯಂಥ ಮಣಿಗಳು, ಬೂದು ಪುಡಿಯ ಸಮೇತ ಬೆರಳಿಗೆ ಅಂಟಿಕೊಂಡು ಬಂದವು. ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿ ಮತ್ತೆ ಸಂದಿಗೆ ಒತ್ತಿದಳು. ಹುಡುಕುವ ಕೆಲಸವೇ ಇರಲಿಲ್ಲ. ಮಣಿಗಳೆಲ್ಲಿವೆ ಎಂದು ಅವಳಿಗೆ ಗೊತ್ತಿತ್ತು.

ವೆಸ್ಲಿ ಅವಳನ್ನು ಹೊರಗೆಳೆದು ಬಾಯಿಗೆ ಬೆರಳು ಹಾಕಿ ಕೆದಕಿದ. ಅವಳು ಕಚ್ಚಿದಳು, ಕಿರುಚಿದಳು. ಬಕೆಟ್‌ನಲ್ಲಿದ್ದ ನೀರಿನಿಂದ ಬಾಯಿ ತೊಳೆದ, ಕೈ ತೊಳೆದ. ಕಾಲು ತೊಳೆದ ನೀರು ಬೂದು ಬಣ್ಣಕ್ಕೆ ತಿರುಗಿತು. ಬೆಂಚಿನಡಿ ಕಾಫಿ ಡಬ್ಬಿಯಿತ್ತು. ಮುಚ್ಚಳವಿರಲಿಲ್ಲ.

ಮನೆಗೆ ಬಂದಾಗ ಮಗು ಇನ್ನೂ ಬಿಕ್ಕುತ್ತಿತ್ತು. "ಏನಾಯ್ತಪ್ಪ?" ಎಂದಳು ಡಾನಾ.

"ಸೋಪು ಕಣ್ಣಿಗೆ ಹೋಯ್ತು."

ಅವನು ಊಟ ಮಾಡಲಿಲ್ಲ. ಹೇಳಿದರೆ ಮಗಳು ಮಗುವನ್ನು ಎತ್ತಿಕೊಂಡು ಈ ಮನೆ ಬಿಟ್ಟೇ ಹೊರಡುತ್ತಾಳೆ. ಹೇಳದಿದ್ದರೆ ಆಸ್ಪತ್ರೆಯಿಂದ ಐಲಾ ಮತ್ತೆ ಇದೇ ನೆಲಕ್ಕೆ ಬರುತ್ತಾಳೆ. ಯಾರಿಗೂ ಹೇಳದೆ ತಾನೇ ಎಲ್ಲ ತೊಳೆದುಬಿಟ್ಟರೆ ಎಂದು ಒಂದು ಗಳಿಗೆ ಯೋಚಿಸಿದ. ನೂರು ವರ್ಷದ ಹಲಗೆ, ನಲವತ್ತು ವರ್ಷದ ಎರಕ. ತೊಳೆದರೆ ಹೋಗುವಂಥದ್ದಲ್ಲ.

ಭಾನುವಾರ ಬೆಳಿಗ್ಗೆ ಡಾನಾ ಕಾಫಿ ಹಾಕುತ್ತಿದ್ದಾಗ ಹೇಳಿದ. ಏನನ್ನೂ ಬಿಡದೆ ಹೇಳಿದ.

ಡಾನಾ ಕಾಫಿಯ ಪಾತ್ರೆ ಕೆಳಗಿಟ್ಟಳು. "ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೆ ಎಷ್ಟು ಹೊತ್ತಿಗೆ?"

"ಐದೂವರೆ."

ಅವಳು ಗೋಡೆಯ ಗಡಿಯಾರ ನೋಡಿದಳು. "ಈಗ ಎಂಟು."

"ಡಾನಾ, ಅವನಿಗೇನು ಗೊತ್ತಿತ್ತೇ?" ಲೋರ್ನಾ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. "ಕರ್ಕೊಂಡು ಹೋಗ್ತಿದ್ದದ್ದು ನಾನು. ವಾರಕ್ಕೆ ಎರಡು ಸಲ ನಾನೇ ಕೂರಿಸ್ತಿದ್ದೆ."

"ಸೆಪ್ಟೆಂಬರಿಂದ ನಿನ್ನೆ ತನಕ ಯಾರಿಗೂ ಗೊತ್ತಿರಲಿಲ್ಲಮ್ಮ. ಅದಕ್ಕೆ ನಾನೇನೂ ಅನ್ನಲ್ಲ. ನಾನೂ ಅಲ್ಲೇ ಕೂತು ಹಣ್ಣು ಸುಲಿದವಳು." ಡಾನಾ ಅಪ್ಪನ ಕಡೆ ತಿರುಗಲಿಲ್ಲ. "ನಿನ್ನೆ ಐದೂವರೆ ಆದ್ಮೇಲೆ ಅಪ್ಪಂಗೆ ಗೊತ್ತಿತ್ತು. ಸೋಪು ಅಂದ್ರು."

ವೆಸ್ಲಿ ಎದ್ದ. ಹೊರಗೆ ಹೋಗಿ, ಕಾರಿನ ಮೇಲೆ ಕೂತಿದ್ದ ಹಿಮ ಗುಡಿಸಿ, ರಸ್ತೆಯವರೆಗೆ ದಾರಿ ಬಿಡಿಸಿಕೊಟ್ಟ. ಡಾನಾ, ಐಲಾ ಹತ್ತು ಗಂಟೆಗೆ ಹೊರಟರು.

ಸೋಮವಾರ ಅವನೇ ನರ್ಸಿಗೆ ಫೋನ್ ಮಾಡಿದ. ಅವಳು ಬಂದು ಮುಂಗೋಣೆಯ ನೆಲವನ್ನು ಒರೆಸಿ ತೆಗೆದ ಬಟ್ಟೆಯನ್ನು ಪರೀಕ್ಷೆಗೆಂದು ಚೀಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿಸಿದಳು. ಅವನ ರಕ್ತವನ್ನೂ ತೆಗೆದರು. ಇಪ್ಪತ್ತೊಂಬತ್ತು ಬಂತು. ಕೆಲವು ವರ್ಷಗಳಿಂದ ಕೈ ನಡುಗುತ್ತಿದ್ದದ್ದು ವಯಸ್ಸಿನಿಂದ ಎಂದುಕೊಂಡಿದ್ದ. ಸೌನಾವನ್ನು ಸುಟ್ಟುಹಾಕಲೇ ಎಂದು ಕೇಳಿದ. ಸುಟ್ಟರೆ ಹೊಗೆ, ಬೂದಿಯಲ್ಲಿ ಸೀಸ ಇಡೀ ಬೀದಿಗೆ ಹರಡುತ್ತದೆ, ಮುಟ್ಟಬೇಡಿ ಎಂದಳು ನರ್ಸ್. ಫೆಬ್ರವರಿಯಲ್ಲಿ ಬಿಳಿ ಉಡುಪು ತೊಟ್ಟ ಇಬ್ಬರು ಬಂದು ಮುಂಗೋಣೆಯನ್ನು ಹಲಗೆ ಹಲಗೆಯಾಗಿ ಕಿತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಕಾಫಿ ಡಬ್ಬಿ, ಅಚ್ಚು, ಮುನ್ನೂರಕ್ಕೆ ಹತ್ತು ಕಡಿಮೆಯಿದ್ದ ಗುಂಡುಗಳೂ ಹೋದವು.

ಔಷಧದ ಹತ್ತೊಂಬತ್ತು ದಿನ ಮುಗಿದಾಗ ಐಲಾಳ ಅಂಕೆ ಹದಿನೆಂಟಕ್ಕೆ ಇಳಿದಿತ್ತು. ಎರಡು ವಾರದಲ್ಲಿ ಇಪ್ಪತ್ತಾರಕ್ಕೆ ಏರಿತು. ಮೂಳೆಯಲ್ಲಿ ಕೂತದ್ದು ಮತ್ತೆ ರಕ್ತಕ್ಕೆ ಇಳಿಯುತ್ತದೆ, ಇದು ನಿರೀಕ್ಷಿಸಿದ್ದೇ ಎಂದರು. ಡಾನಾ ಆಸ್ಪತ್ರೆಯಿರುವ ಊರಿನಲ್ಲೇ ಕೋಣೆ ಹಿಡಿದಿದ್ದಾಳೆ. ವಾರಕ್ಕೆ ಮೂರು ದಿನ ಮಗುವನ್ನು ಮಾತು ಕಲಿಸುವವರ ಬಳಿ ಕರೆದೊಯ್ಯುತ್ತಾಳೆ. ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಾಳೆ. ಮುಂದಿನ ಪರೀಕ್ಷೆ ಏಪ್ರಿಲ್ ತಿಂಗಳ ಮೊದಲ ಸೋಮವಾರ.