ಕಾಮನ್‌ವೆಲ್ತಿನಲ್ಲಿ ಒಂದು ಕಂಬಳಿ

ಸಾಮ್ರಾಜ್ಯಗಳು ಬಿದ್ದುಹೋದರೂ ಅವುಗಳ ವಾಸನೆ ಬಹುಕಾಲ ಉಳಿಯುತ್ತದೆ. ತೊಯ್ದ ಕಂಬಳಿಯ ವಾಸನೆ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಮೊನ್ನೆ ಮಾನ್ವಿ ಬಸ್ಸಿನಲ್ಲಿ, ಕಲ್ಲೂರಿನ ಹತ್ತಿರ, ಮಳೆಯಲ್ಲಿ ನೆನೆದ ಕಂಬಳಿ ಹೊದ್ದ ಹಿರಿಯರೊಬ್ಬರು ಹತ್ತಿ ನನ್ನ ಪಕ್ಕದಲ್ಲೇ ಕುಳಿತರು. ಉಳಿದವರು ಕಿಟಕಿ ತೆರೆದರು. ನನಗೆ ಎದುರುಮನೆ ಅವ್ವ ನೆನಪಾದಳು.

ರಾಯಚೂರಿನಲ್ಲಿ ನಾವೆಲ್ಲ ಒಬ್ಬ ಸಾಹುಕಾರರ ವಠಾರದಲ್ಲಿ ಬಾಡಿಗೆಗಿದ್ದೆವು. ಅವ್ವ ದೇವದುರ್ಗದ ಕಡೆ ಜಾಲಹಳ್ಳಿಯವಳು, ಕುರಿ ಕಾಯುವ ಮನೆತನ. ಇಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದಳು. ನೀರಿನ ನಲ್ಲಿಗೆ ಬೀಗ; ಬೀಗದ ಕೈ ಸಾಹುಕಾರರ ಸೊಂಟದಲ್ಲಿ. ಕೇಳಲು ಹೋದವರು ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕಿತ್ತು. ಅವರ ಎದುರು ಕೂಡುವ ಪದ್ಧತಿ ಇರಲಿಲ್ಲ. ಒಮ್ಮೆ ಅವ್ವ ಮೈ ಸುಡುವ ಜ್ವರದಲ್ಲಿ ಕೊಡ ಹಿಡಿದು ಹೋಗಿದ್ದಳು... ಸಾಹುಕಾರರ ಊಟ ಮುಗಿದು ಕೈ ತೊಳೆಯುವ ತನಕ ನಿಂತೇ ಇದ್ದಳು.

ಮುಂದೆ ವಠಾರ ಮಾರಾಟವಾಯಿತು, ನಾವು ಚದುರಿದೆವು. ಸ್ವಾತಂತ್ರ್ಯ ಬಂತು ಎನ್ನಬಹುದು. ಆದರೆ ಸ್ವಾತಂತ್ರ್ಯ ಬಂದವರಿಗೆ ಸುಮ್ಮನಿರಲು ಆಗುವುದಿಲ್ಲ. ಮೂಲೆಮನೆಯಲ್ಲಿದ್ದ ಪೌರನೀತಿ ಮಾಸ್ತರರು ಹಳೇ ಬಾಡಿಗೆದಾರರ ಸಂಘ ಕಟ್ಟಿ, ಸಾಹುಕಾರರನ್ನೇ ಅಧ್ಯಕ್ಷರನ್ನಾಗಿ ಮಾಡೋಣ ಎಂದರು. ಅವರ ಬಳಿ ಅಂತಾರಾಷ್ಟ್ರೀಯ ಆಧಾರವಿತ್ತು.

"ಇಂಗ್ಲಿಷರು ಆಳಿದ ದೇಶಗಳೆಲ್ಲ ಈಗ ತಮ್ಮ ಖುಷಿಲೆ ಕೂಡಿ ಕಾಮನ್‌ವೆಲ್ತ್ ಮಾಡ್ಕೊಂಡಾವ್ರಿ. ತಲಿಮ್ಯಾಲ ರಾಣಿನ್ನ ಕೂಡಿಸ್ಯಾರ. ನಮ್ಮ ದೇಶಾನೂ ಅದರಾಗ ಅದ."

"ಆ ರಾಣಿ ಕೈಯಾಗ ಈಗ ಏನದ್ರೀ?" ಅವ್ವ ಕೇಳಿದಳು.

"ಏನೂ ಇಲ್ಲಬೇ ಯವ್ವಾ. ಬರೇ ಗೌರವ."

"ಏನೂ ಇಲ್ಲಂದ್ರ ತಲಿಮ್ಯಾಲ ಯಾಕ? ಭಾರ ಆಗಂಗಿಲ್ಲೇನು?"

ಮಾಸ್ತರರು ಸಭೆಯ ದಿನ ಗೊತ್ತುಮಾಡಿದರು. ನನಗೆ ಬೇರೆಯೇ ಸಂಶಯ. ನಮ್ಮ ರಾಯಚೂರು ನಿಜಾಮರ ಕೈಯಲ್ಲಿತ್ತು, ನಿಜಾಮರು ಇಂಗ್ಲಿಷರ ಕೈಯಲ್ಲಿದ್ದರು. ಹಾಗಾಗಿ ಸಾಮ್ರಾಜ್ಯದಲ್ಲಿ ನಾವು ನೇರ ಬಾಡಿಗೆದಾರರೂ ಅಲ್ಲ, ಬಾಡಿಗೆದಾರನ ಬಾಡಿಗೆದಾರರು.

ಮೊದಲ ಸಭೆ ಮಾಸ್ತರರ ಮಾಳಿಗೆಯ ಮೇಲೆ ನಡೆಯಿತು. ಒಂದೇ ಕುರ್ಚಿ, ಅದಕ್ಕೆ ಹೂವಿನ ಹಾರ. ಅವ್ವ ಬಂದವಳೇ ಕರಿ ಕಂಬಳಿ ಹಾಸಿ ನಡುವೆ ಕುಳಿತಳು. ಅವರ ಊರಲ್ಲಿ ದೈವದವರು, ಅಂದರೆ ಕುಲದ ಪಂಚರು, ಸೇರಿದಾಗ ಎಲ್ಲರೂ ಒಂದೇ ಕಂಬಳಿಯ ಮೇಲೆ ಕೂಡುತ್ತಾರಂತೆ. ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ.

ಸಾಹುಕಾರರು ಮೆಟ್ಟಿಲೇರಿದ ಸದ್ದಿಗೆ ನಾವೆಲ್ಲ ಎದ್ದು ನಿಂತೆವು. ಕಾಲುಗಳಿಗೆ ಸ್ವಾತಂತ್ರ್ಯದ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಯವ್ವಾ, ಸಾವ್ಕಾರ್ರು ಬಂದಾರ, ಏಳಬೇ," ಮಾಸ್ತರರು ಪಿಸುಗುಟ್ಟಿದರು.

"ನಿಲ್ಲೋದು ಆಗ ಮುಗೀತ್ರಿ. ಖುಷಿಲೆ ಬರ್ರಿ ಅಂದ್ರಿ, ಬಂದೀನಿ. ಖುಷಿಲೆ ಕುಂತೀನಿ."

ಸಾಹುಕಾರರು ದೊಡ್ಡ ಮನಸ್ಸು ಮಾಡಿದರು. "ಇರ್ಲಿ ಬಿಡ್ರಿ. ಕಾಲು ನೋಯಾಕತ್ತಾವೇನವ್ವ?"

ಹೂಂ ಎಂದಿದ್ದರೆ ಎಲ್ಲರ ಮಾನವೂ ಉಳಿಯುತ್ತಿತ್ತು.

"ಕಾಲು ಗಟ್ಟಿ ಅದಾವ್ರಿ. ನೀವೂ ಬರ್ರಿ, ಕಂಬಳಿ ಅಗಲ ಅದ."

ಸಾಹುಕಾರರು ಕಂಬಳಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕೊನೆಗೆ ಕುರ್ಚಿಯಲ್ಲೇ ಕುಳಿತರು. ಅಂದಿನ ಭಾಷಣಗಳು ಚಿಕ್ಕವಾಗಿದ್ದವು.

ಆಕೆಯನ್ನು ಸಂಘದಿಂದ ತೆಗೆಯಬೇಕೆಂದು ಮಾಸ್ತರರು ಓಡಾಡಿದರು. ಆದರೆ ಖುಷಿಯಿಂದ ಸೇರಿದವರನ್ನು ಹೊರಹಾಕುವ ನಿಯಮವನ್ನು ಅವರೇ ಬರೆದಿರಲಿಲ್ಲ. ಅವ್ವ ಪ್ರತಿ ವರ್ಷ ಬಂದಳು, ಹಾಸಿದಳು, ಕುಳಿತಳು. ಮುಂದಿನ ವರ್ಷ ನನ್ನ ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳು. ಆಮೇಲೆ ನಾನು. ಆಮೇಲೆ ಇನ್ನೊಂದು ಮನೆಯವರು... "ಸರೀರಿ, ಸರೀರಿ, ಜಾಗ ಅದ," ಎನ್ನುತ್ತಿದ್ದಳು.

ಈಗ ಅವ್ವ ಇಲ್ಲ. ಜಾಲಹಳ್ಳಿಯಲ್ಲಿ ತೀರಿಕೊಂಡ ಸುದ್ದಿ ನಮಗೆ ಮಣ್ಣು ಮಾಡಿ ಮುಗಿದ ಮೇಲೆ ಮುಟ್ಟಿತು. ಮುಖ ನೋಡಲಾಗಲಿಲ್ಲ. ಅತ್ತ ರಾಣಿಯೂ ಹೋದರು, ಇತ್ತ ಸಾಹುಕಾರರೂ ಹೋದರು. ಹೋದ ತಿಂಗಳ ಸಭೆಯಲ್ಲಿ ಮಾಸ್ತರರು ಮತ್ತೆ ಎದ್ದುನಿಂತರು. "ಅಲ್ಲಿ ರಾಣಿ ಮಗನ್ನ ಮಾಡ್ಯಾರ್ರಿ. ನಾವೂ ಸಾವ್ಕಾರ್ರ ಮಗನ್ನ ಮಾಡೋಣು. ಬ್ಯಾಡ ಅನ್ನೋರು ಯಾರಾರ ಅದೀರೇನು?"

ನಾನು, ನನ್ನ ಹೆಂಡತಿ ಇಬ್ಬರೇ ಕೈ ಎತ್ತಿದೆವು. ಸಾಹುಕಾರರ ಮಗ ಅಧ್ಯಕ್ಷರಾದರು.